ಓ ಎಂಬ ಹೊಳೆ

ಸರ್ಕಾರದ ಕಾಗದ ಬಂದಾಗ ವಿಲ್ಲಾಸ್
ಹಲಗೆಗೆ ಬಿಳಿ ಬಳಿಯುತ್ತಿದ್ದ. ಯುದ್ಧ ಮುಗಿದು ಮೂರನೆಯ ವಸಂತ.
ಯೂಲಂಡಿನ ಪಡುವಣ ಬಯಲು, ಗಾಳಿಗೆ ಒಂದೇ ಕಡೆ ಬಾಗಿದ ಪೈನ್ ಮರ.
ಇನ್ನು ಮುಂದೆ ಎರಡು 'ಅ' ಬೇಡವಂತೆ. ಒಂದೇ ಸಾಕಂತೆ,
ತಲೆಯ ಮೇಲೊಂದು ಉಂಗುರವಿಟ್ಟು.

ಸೇತುವೆಯ ಹಲಗೆಯಲ್ಲಿ ಅವೆರಡೂ ಅಕ್ಕಪಕ್ಕ ನಿಂತಿದ್ದವು,
ಅಪ್ಪ ಬರೆದದ್ದು: ಈ ದಂಡೆ, ಆ ದಂಡೆ.
ಕೆರೆದು ತೆಗೆದ. ಒಂದನ್ನು ಬರೆದ. ಮೇಲೆ ಸುತ್ತಿದ
ಮೀನು ಬಿಟ್ಟ ಗುಳ್ಳೆಯಷ್ಟು ಸೊನ್ನೆ.
ಓದಿದರೆ ಮೊದಲಿನದೇ ದನಿ: ಓ.
ಓ ಅಂದರೆ ಹೊಳೆ. ಅಷ್ಟೇ.

ಇಷ್ಟು ಸವೆಯಲು ಎಷ್ಟು ಕಾಲ ಹಿಡಿಯಿತೊ.
ಒಮ್ಮೆ ಅದಕ್ಕೊಂದು ಮೈಯಿತ್ತು: ಅಹ್ವೋ.
ಯಾರೂ ಬರೆದಿಡದ ಮಾತು; ಅದಕ್ಕೇ ಪಂಡಿತರು
ಅದರ ಮುಂದೊಂದು ಚುಕ್ಕಿ ಇಡುತ್ತಾರೆ,
ಸತ್ತವರನ್ನು ಮಕ್ಕಳಿಗೆ ಆಕಾಶದಲ್ಲಿ ತೋರಿಸುವ ಹಾಗೆ.
ಅದಕ್ಕೂ ಹಿಂದೆ ನಡುವಿನಲ್ಲಿ ಕಲ್ಲಿನಂಥ ಕಕಾರ.
ತೆಂಕಣಕ್ಕೆ ಹೋದ ದಾಯಾದಿ ಆ ಕಲ್ಲು ಬಿಡಲಿಲ್ಲ,
ಅಕ್ವ ಎನ್ನಿಸಿಕೊಂಡು ರೋಮಿನ ಕಮಾನುಗಳ ಮೇಲೆ ಹರಿದ,
ಲೆಕ್ಕ ಇಟ್ಟ, ಸ್ನಾನದ ಮನೆ ಕಟ್ಟಿಸಿದ.
ಬಡಗಣದವರ ಬಾಯಲ್ಲಿ ಕಲ್ಲು ಕರಗಿ ಉಸಿರಾಯಿತು.
ಆಮೇಲೆ ಆ ಉಸಿರೂ ಇಲ್ಲ.

ನಾವು ನಗಬೇಕಿಲ್ಲ. ನಮ್ಮ ಪೊೞೆಯ ಪಕಾರವೂ
ಹೀಗೇ ಹಕಾರವಾಗಿ, ಅವಸರದ ನಾಲಗೆಯಲ್ಲಿ
ಬರೀ ಒಳೆಯಾಗಿ ಹರಿಯುತ್ತಿದೆ.
ನೀರಿನ ಹೆಸರು ನೀರಲ್ಲೇ ನೆನೆಯುವುದು ತಾನೆ,
ಮೊದಲು ತೊಳೆದುಹೋಗುವುದು ವ್ಯಂಜನ.

ಮಕ್ಕಳುಮರಿ ಎಲ್ಲೆಲ್ಲೋ.
ಜರ್ಮನಿಯಲ್ಲಿ ಊರ ಹೆಸರುಗಳ ಬಾಲ ಹಿಡಿದು
'ಆಖ್' ಎಂದು ಕೆಮ್ಮುವವನೊಬ್ಬ.
ಡಚ್ಚರ ತಗ್ಗುನೆಲದಲ್ಲಿ ತೆರೆದ ಬಾಯಿ ಮುಚ್ಚದ 'ಆ'.
ಐಸ್‌ಲೆಂಡಿನಲ್ಲಿ ಹಿಮದ ಬೂದಿ ಮೆತ್ತಿಕೊಂಡ 'ಔ'.
ಇಂಗ್ಲಿಷರ ಜವುಗಿನವನ ಪಾಡು ಬೇರೆ: ನಕ್ಷೆ ಬರೆಯಲು ಬಂದವರು
ಅವನನ್ನು ಫ್ರೆಂಚನೆಂದು ಬಗೆದು ಕಾಗುಣಿತ ತಿದ್ದಿದರು,
ಇಂದಿಗೂ ಕಾಲುವೆಯ ಅಂಚಲ್ಲಿ ಪರರ ಕೋಟು ತೊಟ್ಟು ನಿಂತಿದ್ದಾನೆ.
ಒಬ್ಬಳು ಮಗಳು ಹರಿಯಲೊಲ್ಲದೆ ನಡುನೀರಲ್ಲಿ ಕೂತಳು.
ಅವಳನ್ನು ನಡುಗಡ್ಡೆ ಅಂದರು.

ವಿಲ್ಲಾಸನ ಹೆಂಡತಿಯ ಅಜ್ಜಿ ಸಿಸೆಲ್ ಇದೊಂದೂ ಅರಿಯಳು.
ಐವತ್ತು ವರ್ಷ ಹಾವುಮೀನಿನ ಬುಟ್ಟಿ ಎತ್ತಿದವಳು.
ಆ ಬೇಸಿಗೆ ಅವಳ ಬಲಗೈ ಬಿದ್ದುಹೋಯಿತು, ಜೊತೆಗೆ ಮಾತು.
ಹಲ್ಲು ಮೊದಲೇ ಇರಲಿಲ್ಲ. ಉಳಿದದ್ದೊಂದು ದನಿ.

ಓ, ಅಂದಳು. ಮೊಮ್ಮಗಳು ದಿಂಬು ಸರಿಸಿದಳು.
ಓ. ಡಾಕ್ಟರು ನೋವಿಗೆ ಸೂಜಿ ಚುಚ್ಚಿದರು.
ಓ, ಓ. ದೇವರನ್ನು ಕರೆಯುತ್ತಿದ್ದಾಳೆಂದು
ಪಾದ್ರಿ ತಾನೂ ಕಣ್ಣು ಮುಚ್ಚಿದ.
ನಾಲ್ಕು ದಿನ.

ಐದನೆಯ ದಿನ, ಉಗುರಿನ ಸಂದಿಯ ಬಣ್ಣ ಕೆರೆಯುತ್ತ ಕೂತಿದ್ದ ವಿಲ್ಲಾಸ್
ತಲೆಯೆತ್ತಿದ. ದುಂಡಗಾದ ತುಟಿ.
ಮೂವತ್ತೊಂದು ಹಲಗೆಗೆ ತಾನೇ ಬಳಿದ ಉಂಗುರ.

ಹಾಲಿನ ಕ್ಯಾನುಗಳನ್ನು ಅಂಗಳಕ್ಕಿಳಿಸಿ ಗಾಡಿ ತಂದ.
ಹೆಂಡತಿ ಬೈದಳು, ಆಮೇಲೆ ಕಂಬಳಿ ತಂದಳು.
ದಂಡೆಯಲ್ಲಿ ಜೊಂಡು, ಕಂದು ನೀರು, ಯಾರದೋ ಹರಿದ ಬಲೆ.
ಸಿಸೆಲ್ ಎಡಗೈ ಇಳಿಬಿಟ್ಟಳು, ಮಣಿಕಟ್ಟು ಮುಳುಗುವವರೆಗೆ,
ಮತ್ತೆ ಬಾಯಿ ಬಿಡಲಿಲ್ಲ.

ಯಾರಾದರೂ ಹೆಸರು ಹಿಡಿದು ಕೂಗಿದರೆ
ಅಡುಗೆಮನೆಯಿಂದ, ಅಟ್ಟದಿಂದ, ಅರೆನಿದ್ದೆಯಿಂದ
ನಾವೂ ಅನ್ನುವುದು ಅದನ್ನೇ.
ನಾಲ್ಕು ದಿನ ಅವಳು ಹೊಳೆಯನ್ನು ಕರೆದಳೆಂದು ಊರು ನಂಬಿತು.
ನನಗೇಕೋ ಅನ್ನಿಸುತ್ತದೆ,
ಕರೆದದ್ದು ಅದು. ಅವಳು ಓಗೊಟ್ಟಳು.